ನಾಲ್ಕನೇ ಸಾಲಿನ ನಡಾವಳಿ

ನಮ್ಮೂರಲ್ಲಿ ಸತ್ತವರನ್ನು ಹೂಳುವುದಿಲ್ಲ,
ಗೋಡೆಯಲ್ಲಿ ಇಡುತ್ತೇವೆ.
ಐದಂತಸ್ತಿನ ಗೂಡು, ಗೂಡಿಗೊಂದು ಕಲ್ಲಿನ ಬಾಗಿಲು,
ಐವತ್ತು ವರ್ಷದ ಗುತ್ತಿಗೆ, ಪುರಸಭೆಯ ಮೊಹರು.
ಕತಲೂನ್ಯದ ಈ ಗುಡ್ಡಗಳ ಸಂದಿಯಲ್ಲಿ
ಶಾಲೆಯ ಮಾಡು ಹಳೇ ಹಂಚು, ಭಾರ ತಡೆಯದು,
ಗ್ರಂಥಾಲಯಕ್ಕೆ ಚರ್ಚಿನ ಗೋಪುರದ ನೆರಳು,
ಶಿಶುವಿಹಾರ ಕೂತಿರುವುದೇ ಇಳಿಜಾರಿನ ಬಡಗಣ ಬೆನ್ನಿಗೆ.
ದಿನವಿಡೀ ಬಿಸಿಲು ಕಾಯುವುದು
ಸ್ಮಶಾನವೊಂದೇ.

ಲೆಕ್ಕ ಬರೆದವನು ನಾನು, ಗುಮಾಸ್ತ.
ನೂರ ಹದಿನಾರು ಫಲಕ, ತೊಂಬತ್ತೆರಡು ಸಾವಿರ ಯೂರೋ,
ಒಂಬತ್ತು ವರ್ಷಕ್ಕೆ ಅಸಲು ವಾಪಸ್ಸು.
ಅಧ್ಯಕ್ಷೆ ಓದಿ ಹೇಳಿದರು. ಆಕ್ಷೇಪಣೆ ಇದೆಯೇ ಎಂದರು.
ಹಿಂದಿನ ಬೆಂಚಿನಿಂದ ರೆಮೆಯ್ ಕಾಸಾದೆವಾಲ್ ಎದ್ದಳು,
ಪ್ಲಾಸ್ಟಿಕ್ ಚೀಲದಿಂದ ಗುತ್ತಿಗೆ ಪತ್ರ ತೆಗೆಯುತ್ತ.

ನಾವು ಕಾದದ್ದು ದೇವರ ಮಾತಿಗೆ, ಸತ್ತವರ ಮರ್ಯಾದೆಯ ಮಾತಿಗೆ.
ಅದಕ್ಕೆ ಉತ್ತರ ತಯಾರಿತ್ತು, ವಕೀಲರು ಕಲಂ ಹುಡುಕಿಟ್ಟಿದ್ದರು:
ಗುತ್ತಿಗೆದಾರನ ಹಕ್ಕು ಚಪ್ಪಡಿಯ ಒಳಮೈವರೆಗೆ,
ಆಚೆಯ ಆಕಾಶ ಪುರಸಭೆಯದು.

"ನಾರ್ಸಿಸ್," ಎಂದಳು ಅವಳು, "ಬಿರಡೆ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ರಾತ್ರಿ ಕಾವಲು.
ಹಗಲು ಮಲಗುತ್ತಿದ್ದ.
ಕಿಟಕಿಗೆ ಕಂಬಳಿ ಹೊಡೆದು,
ಬೀದಿಯ ಹುಡುಗರಿಗೆ ಬಾದಾಮಿ ಹಂಚಿ
ಚೆಂಡು ಅತ್ತ ಆಡಿರೋ ಎಂದು ಬೇಡಿ
ಆ ನಿದ್ದೆ ಕಾದವಳು ನಾನು.
ನಾಲ್ಕನೇ ಸಾಲು, ಮೇಲಿನ ಗೂಡು.
ನೀವೀಗ ನಡುಹಗಲಲ್ಲಿ ಅವನ ತಲೆಯ ಮೇಲೆ
ಡ್ರಿಲ್ ಹಿಡಿಯುತ್ತೀರಂತೆ."

ವಕೀಲರು ಕನ್ನಡಕ ಒರೆಸಿಕೊಂಡರು.
ಯಾರೂ ನಗಲಿಲ್ಲ ಎಂದರೆ ಸುಳ್ಳು,
ರಸ್ತೆ ಸಮಿತಿಯ ಬೆರೆಂಗೆರ್ ನಕ್ಕ, ನಗು ಕೆಮ್ಮಾಯಿತು.
ಅವನೂ ಆ ಬೀದಿಯವನೇ,
ಆ ಬಾದಾಮಿ ತಿಂದವನು.

ಉತ್ತರ ಕೊಟ್ಟದ್ದು ಫಲಕ ಕೂರಿಸುವ ಹುಡುಗಿ,
ಗಾಂಬಿಯಾದಿಂದ ಬಂದವರ ಮಗಳು, ನೀಮಾ ದ್ರಾಮೆ.
"ಬಿಸಿಲು ಫಲಕಕ್ಕೆ ಬೀಳುತ್ತದೆ, ಅವರಿಗಲ್ಲ.
ಅದರಡಿ ಒಂದು ಗೇಣು ಗಾಳಿ, ಗಾಳಿಯಡಿ ನೆರಳು.
ನನ್ನಪ್ಪನಿಗೂ ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಅಮ್ಮ.
ನಮ್ಮ ಕಿಟಕಿಗೂ ಕಂಬಳಿಯೇ."

ರೆಮೆಯ್ ಸ್ವಲ್ಪ ಹೊತ್ತು ನಿಂತೇ ಇದ್ದಳು.
"ಹಾಗಾದರೆ ಅದು ಪರದೆ," ಎಂದಳು.
"ಪರದೆ ಅಂತಲೇ ಬರೆಯಬಾರದಿತ್ತೇ
ನೋಟೀಸಿನಲ್ಲಿ?"

ಪರ ಆರು, ವಿರೋಧ ಐದು.
ನಡಾವಳಿಗೆ ಒಂದು ವಾಕ್ಯ ಹೆಚ್ಚಿಗೆ ಸೇರಿಸಿದೆ, ಕಾರಣ ಕಾಣಿಸಲಿಲ್ಲ:
ನಾಲ್ಕನೇ ಸಾಲಿನಲ್ಲಿ ಕೊರೆಯುವ ಕೆಲಸ
ರಾತ್ರಿ ಎಂಟರ ನಂತರ ಮಾತ್ರ.
ಅವನು ಕೆಲಸಕ್ಕೆ ಹೊರಟ ಮೇಲೆ.
ಹೆಚ್ಚುವರಿ ಕೂಲಿ ನಾನೂರ ನಲವತ್ತು ಯೂರೋ,
ಲೆಕ್ಕ ತಪಾಸಣೆಯವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ.
ಇನ್ನೂ ಉತ್ತರಿಸಿಲ್ಲ.

ಈಗ ಚಳಿ. ಶಿಶುವಿಹಾರದ ನೆಲ ಬೆಚ್ಚಗಿದೆ,
ಸಾಲಾಗಿ ಕಳಚಿಟ್ಟ ಪುಟ್ಟ ಬೂಟುಗಳು.
ಮೋಡ ಕವಿದ ವಾರ ಹಳೇ ಕಂಪನಿಯಿಂದಲೇ ಕೊಳ್ಳುತ್ತೇವೆ,
ಅದನ್ನೂ ಹೇಳಬೇಕು.

ಶುಕ್ರವಾರ ಶುಕ್ರವಾರ ರೆಮೆಯ್ ಬರುತ್ತಾಳೆ,
ಕಿಂಡಿಗೆ ಮೊಣಕೈ ಊರಿ, "ನಾಲ್ಕನೇ ಸಾಲು ಎಷ್ಟು?"
ಮೀಟರು ಸಾಲುಗಳ ಲೆಕ್ಕ ಇಡುವುದಿಲ್ಲ,
ಒಟ್ಟು ಮೊತ್ತವನ್ನು ಏಳರಿಂದ ಭಾಗಿಸಿ ಹೇಳುತ್ತೇನೆ,
"ನೂರ ನಲವತ್ತೆರಡು ಯೂನಿಟ್ಟು."
ಬಿರಡೆ ಕಾರ್ಖಾನೆಯ ಹಳೇ ಸಂಬಳದ ಪುಸ್ತಕ,
ಹಾಳೆಗಳಿನ್ನೂ ಉಳಿದಿವೆ,
ಅದರಲ್ಲಿ ಬರೆದುಕೊಳ್ಳುತ್ತಾಳೆ.
ಭಾನುವಾರವೂ ಸೇರಿತೇ, ಎನ್ನುತ್ತಾಳೆ.
ಸೇರಿದೆ, ಎನ್ನುತ್ತೇನೆ.

ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಯೋಚಿಸುತ್ತಾಳೆ.
"ಭಾನುವಾರಕ್ಕೆ ಒಂದೂವರೆ ಪಟ್ಟು
ಕೊಡುತ್ತಿದ್ದರು."