ಮುಳ್ಳು ಆಡಲಿ

ಜೂನ್ ತಿಂಗಳ ಮೊದಲ ಸೋಮವಾರ
ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಸ್ಕೇಲಿಟ್ಟು ಗೆರೆ ಎಳೆದೆ.
ಒಂಬತ್ತಕ್ಕೆ ಗಣಿತ, ಹತ್ತಕ್ಕೆ ವ್ಯಾಕರಣ,
ಹನ್ನೊಂದಕ್ಕೆ ಹತ್ತು ನಿಮಿಷ, ನೀರು ಕುಡಿಯಲು.
ಅನ್ನ ಕಿವುಚಿ ಅಂಟು ಮಾಡಿ ಬೀರುವಿನ ಬಾಗಿಲಿಗೆ ಒತ್ತಿದಾಗ
ಆರು ಮಕ್ಕಳೂ ಸಾಲಾಗಿ ನಿಂತು ನೋಡಿದವು,
ಮೆಗ್ಗಾನ್ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ನಿಂತವರ ಹಾಗೆ.

ಒಂಬತ್ತು ವರ್ಷ ದುರ್ಗಿಗುಡಿಯ ಶಾಲೆಯೊಂದರಲ್ಲಿ
ಬೆಲ್ಲಿಗೆ ಎದ್ದು ಬೆಲ್ಲಿಗೆ ಕೂತವಳು ನಾನು.
ಶಾಲೆ ಬಿಟ್ಟು ಬಂದೆ.
ಬೆಲ್ಲು ಬಿಟ್ಟು ಬಂದಿರಲಿಲ್ಲ.

ಎರಡನೇ ವಾರಕ್ಕೆ ಜಿರಳೆಗಳು ಅಂಟಿನ ರುಚಿ ಹಿಡಿದು
ಸೋಮವಾರದ ಗಣಿತ ತಿಂದವು,
ಬುಧವಾರವನ್ನು ಅರ್ಧ ತಿಂದವು.
ವ್ಯಾಕರಣದ ತಂಟೆಗೆ ಹೋಗಲಿಲ್ಲ.
‘ಅವಕ್ಕೂ ಬೇಡವಂತೆ’ ಎಂದಳು ಇಂಚರ.
ಗದರಲೆಂದೇ ತೆರೆದ ಬಾಯಿ,
ನಗು ಹೊರಬಿತ್ತು.

ಗಡಿಯಾರ ಕಲಿಸಿದ್ದು ನಾನಲ್ಲ, ತಾಳಗುಪ್ಪದ ರೈಲು.
ಹಿತ್ತಲ ಗೋಡೆ ಹತ್ತಿ ಕೂತು
ಬರಬೇಕಾದ ಹೊತ್ತನ್ನು ಬಂದ ಹೊತ್ತಿನಿಂದ ಕಳೆಯುತ್ತಾರೆ,
ಸರಿಯಾದ ಸಮಯಕ್ಕೆ ಬಂದ ದಿನ
ಲೆಕ್ಕವಿಲ್ಲವೆಂದು ಬೇಜಾರು.
ಮೌನೇಶ ಹನ್ನೆರಡಾದರೂ ಏಳರ ಮಗ್ಗಿಯಲ್ಲಿ ಎಡವುತ್ತಾನೆ,
ಅಪ್ಪನ ತಕ್ಕಡಿ ರಿಪೇರಿ ಅಂಗಡಿಯಲ್ಲಿ ಕೂತರೆ ಮಾತ್ರ
ಬೇಳೆಯವನ ಬೆರಳು ಎಷ್ಟು ಗ್ರಾಂ ತೂಗುತ್ತದೆಂದು
ಕಣ್ಣಲ್ಲೇ ಹೇಳುತ್ತಾನೆ.
ಅವಳಿಗಳಿಗೆ ಪುಸ್ತಕ ಒಂದೇ.
ಎದುರುಬದುರು ಕೂತು ಓದೀ ಓದೀ
ಧಾತ್ರಿ ಅಕ್ಷರ ಕಲಿತದ್ದೇ ತಲೆಕೆಳಗಾಗಿ.
ತಿದ್ದಲು ಹೋದವಳು ಸುಮ್ಮನಾದೆ;
ಧೃತಿಗಿಂತ ಬೇಗ ಓದುತ್ತಾಳೆ.

ಗಾಂಧಿ ಬಜಾರಿನಲ್ಲಿ ಒಂದು ಬೆಳಿಗ್ಗೆ
ಹೂವಿನ ಜರೀನಮ್ಮನನ್ನು ಇಂಚರ ಕೇಳಿದಳು:
‘ಒಂದು ಮೊಳ ಅಂದರೆ ಯಾರ ಮೊಳ?’
ಜರೀನಮ್ಮ ಮಲ್ಲಿಗೆ ಮಾಲೆ ಅವಳ ಕೈಗೇ ಕೊಟ್ಟಳು.
‘ನಿನ್ನದರಲ್ಲೇ ಅಳಿ ಮಗಾ, ನಷ್ಟ ನಿನಗೇ.’
ಆ ದಿನ ಇನ್ನೇನೂ ಪಾಠವಾಗಲಿಲ್ಲ.
ಮನೆಯ ಕಿಟಕಿ, ಬೆಕ್ಕಿನ ಬಾಲ, ಅಜ್ಜನ ಫೋಟೋ
ಎಲ್ಲವೂ ಆರು ಬೇರೆ ಬೇರೆ ಮೊಳದಲ್ಲಿ ಅಳೆಸಿಕೊಂಡವು.

ಭದ್ರಾವತಿಯಿಂದ ನಾದಿನಿ ಬಂದಳು.
‘ಪೋರ್ಷನ್ ಎಲ್ಲಿಗೆ ಬಂತು ಅತ್ತಿಗೆ?’
ನಾನು ಕಾಫಿಗೆ ಸಕ್ಕರೆ ಹುಡುಕುತ್ತಾ ಇದ್ದುಬಿಟ್ಟೆ.
ತನ್ಮಯನ ಗಲ್ಲ ಹಿಡಿದು ಕೇಳಿದಳು:
‘ಯಾವ ಕ್ಲಾಸೋ ನೀನು?’
‘ಅಡುಗೆಮನೆ’ ಎಂದ.

ಆ ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳೇಕೆ.
ಆರು ತಲೆ, ಆರು ಬಾಳು,
ನಾನು ಆಟವಾಡಿಸುತ್ತಿದ್ದೇನೆಯೇ?
ಎದ್ದು ಬಂದರೆ ಹೊರಕೋಣೆಯಲ್ಲಿ ದೀಪ,
ನಾಳೆ ಮುದ್ರೆಗೆ ಹೋಗುವ ತಕ್ಕಡಿಗೆ ಎಣ್ಣೆ ಬಿಡುತ್ತಾ ಇವರು.
ನನ್ನ ಮುಖ ನೋಡಿ, ದಂಡಿಗೆ ಬೆರಳು ತಾಗಿಸಿ ಬಿಟ್ಟರು.
ಮುಳ್ಳು ಆಚೆ ಹೋಯಿತು, ಈಚೆ ಬಂತು.
‘ಆಡಬೇಕು ಕಣೇ ಇದು.
ಅಲುಗದೆ ನಿಂತಿದೆ ಅಂದರೆ ಸರಿ ತೂಗ್ತಿದೆ ಅಂತಲ್ಲ,
ತುಕ್ಕು ಹಿಡಿದಿದೆ ಅಂತ.’

ಮಾತೇನೋ ಚೆನ್ನಾಗಿತ್ತು.
ಎಂಟು ಜನರ ಪಾತ್ರೆ ತೊಳೆಯುವ ಕೈ ಅದಲ್ಲ,
ಅದನ್ನೂ ಹೇಳಿದೆ.
ಮರುದಿನದಿಂದ ಪಾತ್ರೆ ತೊಳೆಯುವುದೂ ಪಾಠ;
ಹೊಸ ವಿದ್ಯಾರ್ಥಿ ಸ್ವಲ್ಪ ದಡ್ಡ,
ಎಣ್ಣೆ ಜಿಡ್ಡು ಬಿಡಿಸಲು ಇನ್ನೂ ಬರುವುದಿಲ್ಲ.

ದಸರೆಯ ಹೊತ್ತಿಗೆ ವ್ಯಾಕರಣವೂ ಉದುರಿತು.
ಬೀರುವಿನ ಮೇಲೆ ಉಳಿದದ್ದು ಒಂದು ತುಂಡು:
‘ಹನ್ನೊಂದಕ್ಕೆ ಹತ್ತು ನಿಮಿಷ, ನೀರು ಕುಡಿಯಲು.’
ಅದನ್ನು ಪಾಲಿಸುತ್ತೇವೆ.
ಎಲ್ಲೆಲ್ಲಿಂದಲೋ ಬಂದು ತಂಬಿಗೆಗೆ ಮುತ್ತುತ್ತವೆ,
ಮೊಣಕಾಲಿನ ಮಣ್ಣು, ಬೆರಳಿನ ಗ್ರೀಸು,
ಬಾಯ್ತುಂಬ ಅರ್ಧ ಹೇಳಿದ ಕಥೆ.
ಆ ಹೊತ್ತಿನಲ್ಲಿ ತಲೆ ಎಣಿಸುತ್ತೇನೆ.
ಐದೇ ಸಿಕ್ಕರೆ
ಒಂದು ಲೋಟ ನೀರು ಹಿಡಿದು
ಮಂಚದ ಕೆಳಗೆ ಬಗ್ಗುತ್ತೇನೆ.
ಕಾಳಿಕಾ ಪುಟದಿಂದ ಕಣ್ಣೆತ್ತದೆ
ಕೈ ಚಾಚುತ್ತಾಳೆ.