ಎರಡನೇ ದರ್ಜೆ

ಹ್ಯಾಗ್‌ಥಾರ್ಪ್ ಎಂಬ ಊರಲ್ಲಿ ಒಟ್ಟು ಒಂಬತ್ತು.
ಚರ್ಚು ಒಂದನೇ ದರ್ಜೆ. ಮಿಕ್ಕವೆಲ್ಲ ಎರಡನೆಯದು.
ನಮ್ಮ ಕಡೆ ತಾಲ್ಲೂಕು ಕಚೇರಿಯಲ್ಲಿ
ಗುಮಾಸ್ತರನ್ನು ಕರೆದ ಹಾಗೆ ಕೇಳುತ್ತದೆ ನನಗೆ.

ನೀರಿಲ್ಲದ ಕೈಪಂಪು ಎರಡನೇ ದರ್ಜೆ.
ಹಂದಿಯಿಲ್ಲದ ಹಂದಿಗೂಡು ಎರಡನೇ ದರ್ಜೆ.
ಕೆಂಪು ಫೋನ್ ಡಬ್ಬಿ; ಅದರೊಳಗೀಗ
ಯಾರದಾದರೂ ಎದೆ ನಿಂತರೆ ಬಡಿದೆಬ್ಬಿಸುವ ಯಂತ್ರ.
ಗಿರಣಿಯ ವಿಲಿಯಂ ಸ್ಕ್ರಿಮ್‌ಷಾನ ಗೋರಿ ಕೂಡ.
ಬದುಕಿದ್ದಾಗ ಹಿಟ್ಟಿಗೆ ಸೀಮೆಸುಣ್ಣ ಬೆರೆಸುತ್ತಿದ್ದನಂತೆ,
ಈಗ ಅವನ ಕಲ್ಲಿನ ಪಾಚಿ ಕೆರೆಯಬೇಕಾದರೂ
ನಮ್ಮ ಕಚೇರಿಗೆ ಅರ್ಜಿ ಹಾಕಬೇಕು.

ನನ್ನ ಕೆಲಸ ಬೇಡ ಅನ್ನುವುದು.
ಪ್ಲಾಸ್ಟಿಕ್ ಕಿಟಕಿ ಬೇಡ. ಸಿಮೆಂಟು ಬೇಡ.
ಮುಂಗೋಡೆಗೆ ಡಿಶ್ ಬೇಡ.
ಲಿಂಕನ್‌ಷೈರಿನ ಗಾಳಿ ಸಮುದ್ರದಿಂದ ನೇರ ಬಂದು
ನನ್ನ ಕಾಗದ ಹಾರಿಸಿಕೊಂಡು ಹೋದರೆ
ಊರವರು ಹಿಡಿದುಕೊಡುವುದಿಲ್ಲ.

ಇವತ್ತು ಪಟ್ಟಿಯ ಏಳನೆಯದು.
‘ಹದಿನೇಳನೇ ಶತಮಾನದ ಕೊನೆ. ಮರದ ಚೌಕಟ್ಟು,
ಮೆತ್ತಿದ ಮಣ್ಣು. ಹುಲ್ಲು ಹೊದಿಕೆ. ಒಳಗೆ ನೋಡಿಲ್ಲ.’
ಅರವತ್ತೇಳರಲ್ಲಿ ಯಾರೋ ಇಷ್ಟು ಬರೆದು
ಮಳೆ ಬಂತೆಂದು ಕಾರು ಹತ್ತಿ ಹೋಗಿದ್ದಾರೆ.

ಬ್ರೈಯೊನಿ, ಏಳು ತಿಂಗಳ ಬಸುರಿ,
ಮೂರು ಸ್ವೆಟರ್ ಹಾಕಿಕೊಂಡು ಬಾಗಿಲು ತೆರೆದಳು.
ಚಹಾ ಕೊಟ್ಟಳು, ನಗು ಕೊಡಲಿಲ್ಲ.
ಕೂಸಿನ ಕೋಣೆ ಎಂದು ತೋರಿಸಿದ ಮೂಲೆಯಲ್ಲಿ
ಗಾರೆ ಉದುರಿ ತಟ್ಟೆಯಗಲದ ತೂತು.
ಕಿಟಕಿಯ ಸಂದಿಗೆ ಮಡಚಿ ತುರುಕಿದ್ದು
ನನ್ನದೇ ಪತ್ರ. ಹೋದ ಸಲದ ಬೇಡ.

ಮಣ್ಣು ಮೆತ್ತುವ ಗಾರ್ಥ್ ಲೆಗೊಟ್ ಅಂಗಳದಲ್ಲಿ
ಜೇಡಿ, ಗೋಧಿಹುಲ್ಲು, ನೀರು ಸೇರಿಸಿ
ಬೂಟುಗಾಲಲ್ಲಿ ತುಳಿಯುತ್ತಿದ್ದ.
ಹುಲ್ಲು ಸಾಲದು, ಎಂದೆ.
ತುಳಿಯುವುದು ನಿಲ್ಲಿಸಿದ. ‘ಹೇಗೆ ಗೊತ್ತು?’
ಸಿರಗುಪ್ಪದ ಕಡೆಯ ಕಾಲಿಗೆ ಗೊತ್ತಿರುತ್ತದೆ ಎಂದು
ಇಂಗ್ಲಿಷಿನಲ್ಲಿ ಹೇಗೆ ಹೇಳುವುದು.
‘ಓದಿದ್ದೇನೆ’ ಎಂದೆ.

ಟಾರ್ಚು ಹಿಡಿದು ತೂತಿನೊಳಗೆ ಬಗ್ಗಿದೆ.
ಒಳಮಣ್ಣಿನಲ್ಲಿ ಬೆರಳು. ಐದೂ.
ಒತ್ತಿ, ಒರೆಸಿ, ಮತ್ತೆ ಒತ್ತಿದ ಅಂಗೈ;
ಅದರ ಕೆಳಗೆ, ಮೊಣಕಾಲೆತ್ತರದಲ್ಲಿ, ಇನ್ನೊಂದು,
ಬಿಸ್ಕತ್ತಿನಷ್ಟು.
ಮೆತ್ತುತ್ತಿದ್ದವಳು ಗದರಿರಬೇಕು, ಮುಟ್ಟಬೇಡ ಎಂದು.
ಬೇಡ ಅನ್ನುವ ಕೆಲಸ ಆಗಲೂ ಇತ್ತು.

ಬರೆದರೆ ಇದೂ ಪಟ್ಟಿಗೆ ಸೇರುತ್ತದೆ.
ತಜ್ಞರು ಬರುತ್ತಾರೆ, ಗಾಜು ಬರುತ್ತದೆ,
ತೂತು ತೂತಾಗಿಯೇ ಉಳಿಯುತ್ತದೆ,
ಕೂಸು ನೆಗಡಿಯಲ್ಲಿ ದೊಡ್ಡದಾಗುತ್ತದೆ.
ಪೆನ್ನಿನ ಮುಚ್ಚಳ ತೆಗೆದೆ. ಹಾಕಿದೆ.

‘ಇವತ್ತೇ ಮುಚ್ಚಿಬಿಡಿ.’
ಗಾರ್ಥ್ ಮೊದಲ ಮುದ್ದೆ ಎತ್ತುವ ಮುಂಚೆ
ಬ್ರೈಯೊನಿಯನ್ನು ಕರೆದೆ.
ಹೊಟ್ಟೆ ಅಡ್ಡ ಬಂದು ಬಗ್ಗಲಾಗಲಿಲ್ಲ ಅವಳಿಗೆ;
ಪಕ್ಕಕ್ಕೆ ತಿರುಗಿ ಕೈ ಮಾತ್ರ ಒಳಗಿಟ್ಟು
ಕಣ್ಣು ಮುಚ್ಚಿ ತಡವುತ್ತ
ಬಹಳ ಹೊತ್ತು ನಿಂತಳು.

ಕಿಟಕಿಗೆ ಬೇಡವೆಂದೇ ಬರೆದೆ.
ಷರಾ ಕಾಲಮ್ಮಿನಲ್ಲಿ:
ಒಳಗೆ ನೋಡಿಲ್ಲ.