ಬೂಚು

ಮುನಿರಾಬಾದಿನ ಸ್ಟೋರ್ ಯಾರ್ಡಿನಲ್ಲಿ
ಜಾಲಿಮುಳ್ಳಿನ ನಡುವೆ ಮಕಾಡೆ ಬಿದ್ದಿತ್ತು.
ಹರಾಜಿನ ಪಟ್ಟಿಯಲ್ಲಿ ಬರೆದದ್ದು ಇಷ್ಟೇ:
ಕಬ್ಬಿಣದ ದೋಣಿ, ಒಂದು. ಕಾಲುವೆ ಕೆಲಸದ್ದು.
ಹುಟ್ಟು ಇಲ್ಲ. ಇದ್ದಲ್ಲಿ, ಇದ್ದ ಹಾಗೆ.

ಗುಜರಿಯ ಜಿಲಾನಿ ಕಾಲಿನಿಂದ ಒದ್ದು
ಕಿಲೋ ಲೆಕ್ಕ ಹಾಕಿದ.
ನಾನು ಬೆರಳಿಟ್ಟು ರಿವೆಟ್ ಎಣಿಸಿದೆ,
ಒಂದು ಬದಿಗೆ ನಾನೂರ ಹನ್ನೆರಡು.
ಕಾಯಿಸಿ, ತೂರಿಸಿ, ಬಡಿದು ಕೂರಿಸಿದ್ದು,
ಡ್ಯಾಮು ಕಟ್ಟುವಾಗಿನ ಯಾವನದೋ ಕೈ.
ಇಪ್ಪತ್ತೆರಡು ವರ್ಷ ವೆಲ್ಡಿಂಗಿನ ಕಿಡಿ ನುಂಗಿದವ ನಾನು,
ನಾಚಿಕೆಯಾಯಿತು.
ಜಿಲಾನಿಗಿಂತ ಎಂಟುನೂರು ಹೆಚ್ಚಿಗೆ ಕೂಗಿ
ರಾತ್ರಿ ಮನೆಯಲ್ಲಿ ಬೈಸಿಕೊಂಡೆ.

ಟ್ರ್ಯಾಕ್ಟರಿನಲ್ಲಿ ತರುವಾಗ ರಸ್ತೆಯ ಮಗ್ಗುಲಿಗೇ ಎಡದಂಡೆ ಕಾಲುವೆ.
ನೀರೂ ಗಂಗಾವತಿಗೇ, ದೋಣಿಯೂ ಗಂಗಾವತಿಗೇ.
ಮಾತಿಲ್ಲ, ಕತೆಯಿಲ್ಲ,
ಆಸ್ತಿಗೆ ಜಗಳವಾಡಿದ ಅಣ್ಣತಮ್ಮಂದಿರು
ಒಂದೇ ಬಸ್ಸಿನಲ್ಲಿ ಕೂತ ಹಾಗೆ.

ಕೊಳ್ಳುವವರು ಬಂದರು.
ಸಾಣಾಪುರದ ರೆಸಾರ್ಟಿನವ ಟೇಪು ಹಿಡಿದು,
ನಡುವಿಗೆ ಕೊಯ್ದು ಕೊಡು, ಎರಡು ಸೋಫಾ ಆಗುತ್ತೆ, ಅಂದ.
ಶಾಮಿಯಾನದವನಿಗೆ ಬಂಗಾರದ ಬಣ್ಣ ಬಳಿದು
ಮದುಮಕ್ಕಳನ್ನು ಕೂರಿಸುವ ಆಸೆ.
ಗಿರಣಿಯ ಶೆಟ್ಟರು ತೊಟ್ಟಿ ಅಂದರು.
ಶಮೀಮಬಾನು ಟೇಪು ತರಲಿಲ್ಲ.
ಸೇತುವೆಯ ಬಳಿ ಒಗ್ಗರಣಿ-ಮಿರ್ಚಿ ಬಂಡಿಯವಳು,
ಒಳಗೆ ಹತ್ತಿ ನಿಂತು ಎರಡೂ ಕೈ ಚಾಚಿದಳು:
“ಈ ಕಡೆ ಒಲಿ, ಆ ಕಡೆ ಮಂಡಾಳ ಚೀಲ,
ಎಲ್ಲಾ ಕೈಗೇ ಸಿಗ್ತೈತಿ ನೋಡ್ರಿ.
ಕೊಯ್ಯಬ್ಯಾಡ್ರಿ. ಮ್ಯಾಲೊಂದು ನೆಳ್ಳು ಮಾಡ್ರಿ ಸಾಕು.”
ಮುಂಗಡ ಮೂರು ಸಾವಿರ. ಎಲ್ಲ ಹತ್ತರ ನೋಟು, ಎಣ್ಣೆ ವಾಸನೆ.

ನಾಲ್ಕು ಪೈಪು, ಒಂದು ತಗಡು,
ಕೆಳಗೆ ನಾಲ್ಕು ಕಲ್ಲು.
ರಿವೆಟ್ ಒಂದನ್ನೂ ಮುಟ್ಟಲಿಲ್ಲ.

ಮೊದಲ ಮಳೆಗೇ ಅಂಗಡಿ ತುಂಬಿತು,
ಗಿರಾಕಿಗಳಿಂದಲ್ಲ.
ಮಂಡಾಳು ತೇಲಿದವು, ಮೆಣಸಿನಕಾಯಿ ಈಜಿದವು.
ಅರವತ್ತು ವರ್ಷ ನೀರನ್ನು ಒಳಗೆ ಬಿಡದ ಹೊಟ್ಟೆ
ಈಗ ಒಂದು ಹನಿಯನ್ನೂ ಹೊರಗೆ ಬಿಡಲೊಲ್ಲದು.
ನೆಲದ ಮೇಲಿನ ದೋಣಿಗೆ ತೂತು ಬೇಕು.
ನನಗೆ ಹೊಳೆದೇ ಇರಲಿಲ್ಲ.

ಕೈಡ್ರಿಲ್ ತೆಗೆದುಕೊಂಡು ಕೆಳಗೆ ನುಸುಳಿದೆ.
“ಅಲ್ಲಿ ಬ್ಯಾಡ” ಅಂತ ದನಿ.
ಅಂಬಿಗೇರ ಯಂಕೋಬ.
ದಿನಾ ಎರಡು ಮಿರ್ಚಿ ತಿಂದು ಹೋಗುವ ಮುದುಕ,
ಇದೇ ದೋಣಿಯಲ್ಲಿ ಗೇಜು ಓದುವವರನ್ನು ದಾಟಿಸಿದವನು,
ಪಾಚಿ ಕೊಯ್ದವನು,
ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.
ಚಪ್ಪಲಿ ಕಳಚಿಟ್ಟು ಒಳಗೆ ಇಳಿದ.
ಹೆಬ್ಬೆರಳಿನಿಂದ ತಳ ತಡವುತ್ತ, ತಡವುತ್ತ,
ಹಿಂದಿನಿಂದ ಮೂರನೇ ಪಟ್ಟಿ, ಅಲ್ಲಿಂದ ಗೇಣು ಎಡಕ್ಕೆ.
“ಎಷ್ಟು ತೋಡಿದ್ರೂ ಒಂದು ಬೊಗಸಿ ನಿಲ್ತಿತ್ತು.
ಇಲ್ಲೇ.”
ಬೆರಳ ಗಂಟಿನಿಂದ ಟಕ್ ಟಕ್ ಅನ್ನಿಸಿದ.
ಟಕ್ ಅಂದಲ್ಲಿ ನಾನು ಕೆಳಗಿನಿಂದ ಕೊರೆದೆ.
ಖಾರದ ನೀರು ನೇರ ಮುಖಕ್ಕೆ.
ಕಣ್ಣುಜ್ಜಿಕೊಂಡು ಎದ್ದು ನೋಡಿದರೆ
ಡಾಂಬರು, ಸೆಣಬು ಹಾಕಿ ತೂತು ಮುಚ್ಚುತ್ತಿದ್ದ ಕೈಗಳು
ಅವನ ಮೊಣಕಾಲ ಮೇಲೆ ಸುಮ್ಮನೆ ಕೂತಿದ್ದವು.

ಮರುದಿನ ಒಂದು ಬೂಚು ತಂದ.
ಬೇವಿನದು, ಕೆತ್ತಿ ನುಣುಪು ಮಾಡಿದ್ದು.
ತಂತಿಯಿಂದ ತಗಡಿನ ಪೈಪಿಗೆ ಕಟ್ಟಿದ.
“ಇದ್ಯಾಕ?” ಅಂದಳು ಶಮೀಮಬಾನು.
“ಇರ್ಲಿ ಬಿಡವ್ವ. ಎರಡು ಮಿರ್ಚಿ ಕೊಡು,
ಉಳ್ಳಾಗಡ್ಡಿ ಬ್ಯಾಡ.”

ದೃಷ್ಟಿಗೆ ಕಟ್ಟಿದ್ದು ಅಂದುಕೊಳ್ಳುತ್ತಾರೆ ಗಿರಾಕಿಗಳು.
ಮೊನ್ನೆ ಅವಳು ನೀರು ತರಲು ಹೋದಾಗ
ನಾನೊಮ್ಮೆ ಇಳಿಸಿ ಹಾಕಿ ನೋಡಿದೆ.
ಬಿಗಿಯಾಗಿ ಕೂತಿತು.